ಹಲ್ಲಜ್ಜಿಯೂ ಒಂಟಿ ಸಂಖ್ಯೆಯೂ

ಆ ಬೀದಿಗೆ ಹೊಸದಾಗಿ ಬಂದವರು ಯಾರಾದರೂ ಹಲ್ಲುನೋವೆಂದು ಕೆನ್ನೆ ಹಿಡಿದು ನಿಂತರೆ, ಅಲ್ಲಿನ ಕಿಡಿಗೇಡಿಗಳು ಮುಖ ಗಂಭೀರ ಮಾಡಿಕೊಂಡು, "ಕೊನೇ ಶೆಡ್ಡಿಗೆ ಹೋಗಿ, ಹಲ್ಲಜ್ಜಿ ಇದ್ದಾರೆ" ಎಂದು ಕಳಿಸಿಬಿಡುತ್ತಿದ್ದರು. ಹೋದವರಿಗೆ ಕಾಣುತ್ತಿದ್ದುದು ತಗಡಿನ ಚಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡು ಉಕ್ಕಿನ ಬಿಲ್ಲೆಗೆ ಹಲ್ಲು ಕೊರೆಯುತ್ತಿದ್ದ ಅರವತ್ತೇಳರ ಹೆಂಗಸು.

"ಕೀಳೋದು ನನಗೆ ಬರಲ್ಲಪ್ಪ, ಕೂರಿಸೋದು ಮಾತ್ರ ಬರುತ್ತೆ. ಎಷ್ಟು ಬೇಕು ಹೇಳು, ಮೂವತ್ತಾರಾ, ನಲವತ್ತೆಂಟಾ?" ಎಂದು ಆಕೆ ಕೇಳಿದರೆ ಬಂದವರು ನೋವು ಮರೆತು ನಗಬೇಕು.

ಊರಿನಲ್ಲಿ ತಿರುಗುವ ಯಂತ್ರಗಳಲ್ಲಿ ಮುಕ್ಕಾಲು ಪಾಲು ಆಕೆಯ ಕೈಯ ಹಲ್ಲುಚಕ್ರಗಳ ಮೇಲೆ ತಿರುಗುತ್ತಿದ್ದವು. ಹಿಟ್ಟಿನ ಗಿರಣಿ, ಅಚ್ಚುಕೂಟದ ಯಂತ್ರ, ಕಾಗದ ಕತ್ತರಿಸುವ ಕಾರ್ಖಾನೆ, ಎಲ್ಲದರ ಹೊಟ್ಟೆಯೊಳಗೂ ಹಲ್ಲಜ್ಜಿಯ ಮುದ್ರೆ ಇತ್ತು.

ಈ ವಿದ್ಯೆ ಆಕೆಗೆ ಕೈಹತ್ತಿದ್ದು ಒಂದು ಇಲಿಯ ದಯದಿಂದ. ಓದಿದ್ದು ನಾಲ್ಕನೇ ತರಗತಿ. ಭಾಗಾಕಾರ ಶುರುವಾದ ತಿಂಗಳಲ್ಲೇ ತಂಗಿ ಹುಟ್ಟಿ, ತೊಟ್ಟಿಲು ತೂಗಲೆಂದು ಶಾಲೆ ಬಿಡಿಸಿದ್ದರು. ಮದುವೆಯಾಗಿ ಬಂದಾಗ ಶೆಡ್ಡು ಗಂಡನದು. ಯಂತ್ರದ ಪಕ್ಕದ ಗೋಡೆಯಲ್ಲಿ ಇಪ್ಪತ್ತನಾಲ್ಕು ಬದಲಿ ಚಕ್ರಗಳು ಮೊಳೆಗಳಿಗೆ ನೇತಾಡುತ್ತಿದ್ದವು. ಇಷ್ಟು ಹಲ್ಲಿನ ಚಕ್ರ ಕೊರೆಯಬೇಕಾದರೆ ಇಂತಿಂಥ ಬದಲಿ ಚಕ್ರ ಹಾಕಬೇಕು ಎಂದು ಹೇಳುವ ಪಟ್ಟಿಯೊಂದು ಕಪಾಟಿನಲ್ಲಿತ್ತು. ಒಂದು ಬೆಳಿಗ್ಗೆ ನೋಡಿದರೆ ಇಲಿ ಅದರ ಅರ್ಧ ತಿಂದು ಮುಗಿಸಿದೆ. ಗಂಡ ತಲೆಯ ಮೇಲೆ ಕೈಹೊತ್ತು ಕೂತ. ಊಟದ ಡಬ್ಬಿ ತಂದಿದ್ದ ಆಕೆ ಉಳಿದರ್ಧವನ್ನು ಬಹಳ ಹೊತ್ತು ನೋಡಿ, "ಎಂಟೊಂಬತ್ಲಿ ಎಪ್ಪತ್ತೆರಡು ತಾನೆ? ಎಪ್ಪತ್ತೆರಡರ ಸಾಲಿನಲ್ಲಿ ಇರೋದು ಎಂಟರ ಮನೆಯದೊಂದು, ಒಂಬತ್ತರ ಮನೆಯದೊಂದು. ಹೋಗಿರೋ ಸಾಲುಗಳನ್ನೂ ಹೀಗೇ ಒಡೆದು ನೋಡಬಾರದಾ?" ಎಂದಳು. ನಾಲ್ಕು ದಿನದಲ್ಲಿ ಇಲಿ ತಿಂದದ್ದನ್ನೆಲ್ಲ ಮತ್ತೆ ಬರೆದಿಟ್ಟಳು. ಪಟ್ಟಿಯಲ್ಲಿ ಮೊದಲಿಂದಲೂ ಇದ್ದ ಎರಡು ತಪ್ಪುಗಳನ್ನು ತಿದ್ದಿದಳು ಕೂಡ.

"ನನಗೆ ಮೇಷ್ಟ್ರು ಅಂದ್ರೆ ಆ ಇಲಿ. ಫೀಸು ಅರ್ಧ ಕಾಗದ," ಎಂದು ಆಕೆ ಕೊನೆಯವರೆಗೂ ಹೇಳುತ್ತಿದ್ದಳು.

ಅಲ್ಲಿಂದ ಸಂಖ್ಯೆಗಳು ಆಕೆಗೆ ನೆಂಟರಿಷ್ಟರಂತೆ ಆದವು. ಅರವತ್ತು ದೊಡ್ಡ ಸಂಸಾರಿ. ಎರಡು, ಮೂರು, ನಾಲ್ಕು, ಐದು, ಆರು ಎಲ್ಲ ಅದರ ಮನೆಯವರೇ. ಪಕ್ಕದಲ್ಲೇ ಇರುವ ಐವತ್ತೊಂಬತ್ತು ಒಂಟಿ. ಯಾರಿಂದ ಭಾಗಿಸಿದರೂ ಒಡೆಯುವುದಿಲ್ಲ, ಯಾರ ಜೊತೆಯೂ ಸೇರುವುದಿಲ್ಲ. ಅರವತ್ತು ಹಲ್ಲು ಕೊರೆಯಿರಿ ಎಂದು ಬಂದವರಿಗೆ ಆಕೆ ಅದೇ ದಿನ ಕೊಡುತ್ತಿದ್ದಳು. ಐವತ್ತೊಂಬತ್ತು ಎಂದವರಿಗೆ, "ಅಯ್ಯೋ, ಒಂಟೀನಾ? ಅದಕ್ಕೆ ಬೇರೇನೇ ಉಪಚಾರ ಆಗಬೇಕು. ವಾರ ಬಿಟ್ಟು ಬಾ," ಎನ್ನುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಯಂತ್ರ ಆಕೆಯದೇ ಆಯಿತು. ಮಗ ಬಸ್ಸಿನ ಡ್ರೈವರು; ಚಕ್ರವೆಂದರೆ ಅವನಿಗೆ ನಾಲ್ಕು, ಹೆಚ್ಚೆಂದರೆ ಆರು. ಕೆಲಸ ಕಲಿತವಳು ಸೊಸೆ. ಮಾತಿಗೆ ಮಾತು ಕೊಡುವವಳು, ಆದರೆ ಕೈ ಮಾತ್ರ ಕೂದಲೆಳೆಯಷ್ಟೂ ತಪ್ಪದು. ಹನ್ನೊಂದು ವರ್ಷದಲ್ಲಿ ಅವಳು ಕೆಡಿಸಿದ ಚಕ್ರ ಒಂದೇ ಒಂದು. ಅದನ್ನು ಅತ್ತೆ ಬಾಗಿಲಿಗೆ ಒತ್ತಾಗಿ ಇಟ್ಟುಕೊಂಡಿದ್ದಳು, ಬಾಗಿಲು ದಿನಕ್ಕೆ ಹತ್ತು ಸಲ ಅದನ್ನು ನೆನಪಿಸುತ್ತಿತ್ತು.

ಯಂತ್ರ ಆಕೆಗಿಂತಲೂ ಮುದುಕಿ. ಒಳಗಿನ ಚಕ್ರಗಳು ಸವೆದು, ಹಲ್ಲಿಗೂ ಹಲ್ಲಿಗೂ ನಡುವೆ ಸಡಿಲು ಬಿದ್ದಿತ್ತು. ಹಿಡಿಕೆಯನ್ನು ಸುಮಾರು ಎಂಟು ಸುತ್ತು ತಿರುಗಿಸಿದರೂ ಬಿಲ್ಲೆ ಅಲುಗಾಡದೆ ಕೂತಿರುತ್ತಿತ್ತು. ಅದಕ್ಕೇ ಆಕೆ ಒಂದು ಕಟ್ಟಳೆ ಮಾಡಿದ್ದಳು: ಯಾವ ಕೆಲಸವೇ ಇರಲಿ, ಮೊದಲು ಹಿಡಿಕೆಯನ್ನು ಒಂಬತ್ತು ಸುತ್ತು ಹಿಂದಕ್ಕೆ ತರಬೇಕು, ಎಣಿಸುವ ಕೌಂಟರನ್ನು ಸೊನ್ನೆಗೆ ತರಬೇಕು, ಆಮೇಲೆ ಮುಂದಕ್ಕೆ ಹೊರಡಬೇಕು. ಸಡಿಲೆಲ್ಲ ಆ ಒಂಬತ್ತರಲ್ಲಿ ಬಿಗಿಯಾಗುತ್ತದೆ. ಕೌಂಟರಿನ ಮೇಲೆ ಒಂಬತ್ತರ ಹತ್ತಿರ ಒಂದು ಕೆಂಪು ಬಣ್ಣದ ಚುಕ್ಕೆ. ನಿಜವಾದ ಎಣಿಕೆ ಶುರುವಾಗುವುದು ಅಲ್ಲಿಂದ. ಮೂವತ್ತು ವರ್ಷದಿಂದ ಈ ಕಟ್ಟಳೆ ನಡೆದು ನಡೆದು, ಶೆಡ್ಡಿನಲ್ಲಿ ಅದು ಉಸಿರಾಡಿದಷ್ಟು ಸಲೀಸಾಗಿತ್ತು.

ಒಂದು ಬುಧವಾರ ಬೆಳಿಗ್ಗೆ ಏಳಕ್ಕೇ ನೀರು ಸರಬರಾಜಿನ ಇಂಜಿನಿಯರು ಎರಡು ಪೆಟ್ಟಿಗೆಗಳನ್ನು ಜೀಪಿನಿಂದ ಇಳಿಸಿದ. ಇನ್ನೂ ಮೂವತ್ತು ದಾಟದ ಹುಡುಗಾಟದ ಮುಖ, ಮಾತು ಮಾತ್ರ ಹಿರಿಯರದು.

"ಅಜ್ಜೀ, ಪಂಪ್‌ಹೌಸಿನಲ್ಲಿ ನೀರು ಸೋಸೋ ತೊಟ್ಟಿ ಎರಡಿವೆ. ಪಂಪು ಇಷ್ಟು ಸುತ್ತು ತಿರುಗಿತು ಅಂದ್ರೆ ಈ ಪೆಟ್ಟಿಗೆ ಗಂಟೆ ಹೊಡೆದು ಒಂದು ತೊಟ್ಟೀನ ತೊಳೆಯೋಕೆ ಮುಚ್ಚುತ್ತೆ. ಅದೇ ಸುತ್ತಿನಲ್ಲಿ ಇನ್ನೊಂದು ಪೆಟ್ಟಿಗೆ ಇನ್ನೊಂದು ತೊಟ್ಟೀನ ತೆರೆಯುತ್ತೆ. ದಿನಕ್ಕೊಂದು ಸಲ ಹೀಗೆ ಅದಲುಬದಲು. ಈಗ ಒಂದು ಪೆಟ್ಟಿಗೆ ತುಕ್ಕು ಹಿಡಿದು ಹೋಗಿದೆ. ಅಂಥದ್ದೇ ಇನ್ನೊಂದು ಬೇಕು."

"ಒಳ್ಳೇದನ್ನ ಬಿಚ್ಚಿದರೆ ಹಲ್ಲು ಎಣಿಸಿಬಿಡ್ತೀನಿ."

"ಅದೇ ಆಗಲ್ಲ. ರಿವೆಟ್ ಹೊಡೆದು ಮುಚ್ಚಿದ್ದಾರೆ. ಬಿಚ್ಚಿದರೆ ಮುರಿಯುತ್ತೆ, ಮುರಿದರೆ ಊರಿಗೆ ನೀರಿಲ್ಲ. ಮಾಡಿದವರು ಈಗಿಲ್ಲ, ನಕ್ಷೆಯೂ ಇಲ್ಲ. ಹೊರಗಿಂದ ತಿರುಗಿಸಿ ಎಣಿಸಬೇಕು. ಇವತ್ತು ಸಂಜೆಯೊಳಗೆ ವಾಪಸ್ ಬೇಕು, ಮತ್ತೆ ಕೇಳಿದರೂ ಕೊಡಲ್ಲ."

"ಒಂದೆರಡು ಸುತ್ತು ಆಚೀಚೆ ಆದ್ರೆ?" ಸೊಸೆ ಕೇಳಿದಳು.

"ದಿನಕ್ಕೆ ಒಂದೊಂದೇ ಸುತ್ತು ಸರಿದರೂ ಸರೀತಾನೇ ಹೋಗುತ್ತಲ್ಲ ಅಕ್ಕ. ಎರಡು ತೊಟ್ಟೀನೂ ಒಟ್ಟಿಗೇ ಮುಚ್ಚಿಕೊಂಡ ದಿನ ನಲ್ಲಿಯಲ್ಲಿ ಗಾಳಿ ಬರುತ್ತೆ. ಮೇಲಿನವರು ಬಂದು ಮೂರು ದಿನ ಪರೀಕ್ಷೆ ಮಾಡ್ತಾರೆ. ಮೂರು ದಿನವೂ ಎರಡೂ ಪೆಟ್ಟಿಗೆಯ ಗಂಟೆ ಒಂದೇ ಸುತ್ತಿನಲ್ಲಿ ಹೊಡೀಬೇಕು. ಇಲ್ಲದಿದ್ದರೆ ಇದನ್ನೆಲ್ಲ ಕಿತ್ತು ಹೊರಗಿನ ಕಂಪನಿಯ ಕರೆಂಟಿನ ಪೆಟ್ಟಿಗೆ ತರಿಸೋದು ಅಂತ ಆಗಿದೆ." ಅವನು ದನಿ ತಗ್ಗಿಸಿದ. "ಈ ಶೆಡ್ಡಿನಲ್ಲಿ ಆಗುತ್ತೆ ಅಂತ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವನು ನಾನೊಬ್ಬನೇ. ಎಲ್ಲರೂ ನಕ್ಕರು. ನಾಲ್ಕನೇ ಕ್ಲಾಸಿನ ಅಜ್ಜೀನಾ, ಅಂದರು."

ಹಲ್ಲಜ್ಜಿ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡಳು. "ನಕ್ಕರಾ? ನಗಲಿ ಬಿಡು. ಹಲ್ಲು ಕಂಡರೆ ನನಗೆ ಸಂತೋಷವೇ."

ಶೆಡ್ಡಿನ ಕೌಂಟರು ನಾಲ್ಕಂಕಿಯದು, ಸಾಲದು. ಇಂಜಿನಿಯರು ತನ್ನ ಉಗ್ರಾಣದಿಂದ ಆರಂಕಿಯದೊಂದು ಹೊಸ ಕೌಂಟರು ತಂದಿದ್ದ. ಸೊಸೆ ಒಳ್ಳೆಯ ಪೆಟ್ಟಿಗೆಯನ್ನು ಮೂಲೆಯಲ್ಲಿದ್ದ ಇನ್ನೊಂದು ಯಂತ್ರಕ್ಕೆ, ಕರೆಂಟಿನಿಂದ ತಿರುಗುವ ಲೇತಿಗೆ, ಬಿಗಿದಳು. ಪೆಟ್ಟಿಗೆಯ ಹೊರಗೆ ಒಂದು ಮುಳ್ಳು ಇತ್ತು. ಅದು ನೆತ್ತಿಗೆ ಬರುವಾಗ ಲೇತ್ ನಿಲ್ಲಿಸಿ, ಕೊನೆಯ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಗಂಟೆ ಹೊಡೆಸಿದಳು. ಅಲ್ಲಿಂದ ಎಣಿಕೆ ಶುರು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಲೇತ್ ತಿರುಗಿತು. ಅತ್ತೆ ಎದುರಿಗೆ ಸ್ಟೂಲು ಹಾಕಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮುಳ್ಳು ಮತ್ತೆ ನೆತ್ತಿಗೆ ಬಂದಾಗ ಸೊಸೆ ಕೈಯಲ್ಲಿ ಒಂದೊಂದೇ ಸುತ್ತು ತಿರುಗಿಸಿದಳು. ಗಂಟೆ ಹೊಡೆಯಿತು. ಕೌಂಟರಿನಲ್ಲಿ 1,04,729.

ಒಂದು ಸಲ ನಂಬುವುದುಂಟೆ? ಮತ್ತೊಮ್ಮೆ ಮೊದಲಿನಿಂದ ಎಣಿಸಿದಳು. ಮತ್ತೆ 1,04,729. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಹೇಗೆ ಅತ್ತೆ?" ಸೊಸೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು. ಅತ್ತೆ ಬಾಗಿಲಿನ ಬಳಿ ಹೋಗಿ, ಆ ಕೆಟ್ಟ ಚಕ್ರವನ್ನು ಕಾಲಿನಿಂದ ಗೋಡೆಯ ಮೂಲೆಗೆ ತಳ್ಳಿದಳು. ಹನ್ನೊಂದು ವರ್ಷದಲ್ಲಿ ಸೊಸೆಗೆ ಸಿಕ್ಕ ದೊಡ್ಡ ಬಹುಮಾನ ಅದು.

ಗುರುವಾರ ಆಕೆ ತುಕ್ಕು ಹಿಡಿದ ಪೆಟ್ಟಿಗೆಯನ್ನು ಬಿಚ್ಚಿದಳು. ಒಳಗೆ ಕೆಂಪು ಪುಡಿ, ಮೂರು ಅಚ್ಚು, ಅಷ್ಟೇ. ಹಲ್ಲೆಲ್ಲ ಉದುರಿ ಹೋಗಿದ್ದವು, ಆದರೆ ಅಚ್ಚು ಮೂರೆಂದರೆ ಚಕ್ರ ಮೂರು. ಕೆಲಸದ ರೀತಿ ಆಕೆಗೆ ನೋಡಿದ ತಕ್ಷಣ ತಿಳಿಯಿತು: ಪಂಪು ಒಂದು ಸುತ್ತು ತಿರುಗಿದರೆ ಮೊದಲ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ. ಮೊದಲ ಚಕ್ರ ಪೂರ್ತಿ ಒಂದು ಸುತ್ತು ಬಂದರೆ ಎರಡನೆಯದು ಒಂದು ಹಲ್ಲು. ಎರಡನೆಯದು ಪೂರ್ತಿ ಬಂದರೆ ಮೂರನೆಯದು ಒಂದು ಹಲ್ಲು. ಮೂರನೆಯದು ಪೂರ್ತಿ ಬಂದಾಗ ಗಂಟೆ. ಅಂದಮೇಲೆ ಮೂರೂ ಚಕ್ರಗಳ ಹಲ್ಲುಗಳನ್ನು ಗುಣಿಸಿದರೆ 1,04,729 ಬರಲೇಬೇಕು. ಪೆಟ್ಟಿಗೆಯ ಅಗಲಕ್ಕೆ ಎಂಬತ್ತು ಹಲ್ಲಿಗಿಂತ ದೊಡ್ಡ ಚಕ್ರ ಹಿಡಿಸುವುದಿಲ್ಲ. ಸಂಖ್ಯೆಯನ್ನು ಮೂರು ಚೂರು ಮಾಡಿದರೆ ಆಯಿತು, ನೀರು ಕುಡಿದಷ್ಟು ಸುಲಭ.

ಆಕೆ ನೋಟುಪುಸ್ತಕ ತೆಗೆದು ಒಡೆಯಲು ಕೂತಳು. ಎರಡರಿಂದ ಒಡೆಯಲಿಲ್ಲ. ಮೂರರಿಂದ ಎರಡು ಮಿಕ್ಕಿತು. ಐದರಿಂದ ನಾಲ್ಕು, ಏಳರಿಂದ ಎರಡು, ಹನ್ನೊಂದರಿಂದ ಒಂಬತ್ತು, ಹದಿಮೂರರಿಂದ ಒಂದು. ಹದಿನೇಳು, ಹತ್ತೊಂಬತ್ತು, ಇಪ್ಪತ್ಮೂರು. ಯಾವುದಕ್ಕೂ ಜಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೊಂಬತ್ತು ದಾಟಿತು. ಎಂಬತ್ತರೊಳಗೆ ಯಾರೂ ಇಲ್ಲವೆಂದಮೇಲೆ ಚಕ್ರಗಳ ಮಾತು ಅಲ್ಲಿಗೇ ಮುಗಿದಿತ್ತು. ಆದರೆ ಆಕೆ ನಿಲ್ಲಿಸಲಿಲ್ಲ.

"ಇನ್ಯಾಕೆ ಅತ್ತೆ ಗುದ್ದಾಡ್ತೀರ?"

"ಎದುರಿಗೆ ಕೂತಿರೋದು ಯಾರು ಅಂತ ತಿಳೀಬೇಡವೇನೇ? ಎಲ್ಲೋ ದೂರದಲ್ಲಿ ಒಬ್ಬ ನೆಂಟ ಇದ್ದಾನೋ, ಪೂರ್ತಿ ಒಂಟಿಯೋ."

"ಲಕ್ಷದವರೆಗೂ ಭಾಗಿಸ್ತಾ ಕೂರ್ತೀರಾ ಹಾಗಾದ್ರೆ?"

"ಮುನ್ನೂರ ಇಪ್ಪತ್ಮೂರರವರೆಗೆ ಸಾಕು," ಎಂದಳು ಹಲ್ಲಜ್ಜಿ. ಇದನ್ನು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಒಂದು ಮಧ್ಯಾಹ್ನ ಯಂತ್ರಕ್ಕೆ ಎಣ್ಣೆ ಬಿಡುವಾಗ ತಾನೇ ಕಂಡುಕೊಂಡಿದ್ದಳು. "ಒಂದು ಸಂಖ್ಯೆ ಒಡೆದರೆ ಎರಡು ಚೂರಾಗಬೇಕು ತಾನೆ? ಎರಡೂ ಚೂರು ಮುನ್ನೂರ ಇಪ್ಪತ್ನಾಲ್ಕೋ ಅದಕ್ಕಿಂತ ದೊಡ್ಡದೋ ಆಗಿದ್ರೆ, ಗುಣಿಸಿ ನೋಡು, 1,04,976. ಮೀರಿಹೋಯ್ತು. ಅಲ್ಲಿಗೆ ಒಂದು ಚೂರಾದರೂ ಮುನ್ನೂರ ಇಪ್ಪತ್ಮೂರರೊಳಗೇ ಸಿಗಬೇಕು. ಅದರಲ್ಲೂ ಒಂಟಿಗಳಿಂದ ಭಾಗಿಸಿದರೆ ಸಾಕು. ಎರಡರಿಂದ ಒಡೀದೇ ಇರೋದು ನಾಲ್ಕರಿಂದ ಒಡೀತದಾ? ಹಾಗೆ ಸೋಸಿದರೆ ಒಟ್ಟು ಅರವತ್ತಾರು ಭಾಗಾಕಾರ. ಅಷ್ಟೇ."

"ಅಷ್ಟೇ ಅಂತೆ," ಎಂದು ಸೊಸೆ ಮೂಗು ಮುರಿದು ಕೆಲಸಕ್ಕೆ ಹೋದಳು.

ಶುಕ್ರವಾರ ಮಧ್ಯಾಹ್ನ ಅರವತ್ತಾರನೆಯದೂ ಮುಗಿಯಿತು. 317ರಿಂದ ಭಾಗಿಸಿದರೆ 119 ಮಿಕ್ಕಿತು. ಆಕೆ ಅದರ ಕೆಳಗೆ ಗೆರೆ ಎಳೆದು, 'ಇದು ಒಡೆಯುವುದಿಲ್ಲ' ಎಂದು ಬರೆದು, ಪೆನ್ಸಿಲು ಕೆಳಗಿಟ್ಟಳು. ಒಂದು ಲಕ್ಷದ ನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು. ಐವತ್ತೊಂಬತ್ತು, ಎಂಬತ್ಮೂರು, ತೊಂಬತ್ತೇಳು, ಇವೆಲ್ಲ ಪರಿಚಯದ ಒಂಟಿಗಳು. ಇಷ್ಟು ದೊಡ್ಡ ಒಂಟಿಯನ್ನು ಆಕೆ ಜನ್ಮದಲ್ಲೇ ನೋಡಿರಲಿಲ್ಲ. ಜನಜಂಗುಳಿಯ ನಡುವೆ ಯಾರ ಹಂಗೂ ಇಲ್ಲದೆ ನೆಟ್ಟಗೆ ನಿಂತ ಮನುಷ್ಯನನ್ನು ಕಂಡಂತಾಗಿ, ಆಕೆಗೆ ಒಂದು ಗಳಿಗೆ ಅದರ ಮೇಲೆ ಗೌರವವೇ ಬಂತು.

ಮರುಗಳಿಗೆ ತಾಪತ್ರಯ ಎದುರಿಗೆ ಬಂದು ನಿಂತಿತು. ಮೂರು ಚಕ್ರದ ಪೆಟ್ಟಿಗೆ ಒಂಟಿ ಸಂಖ್ಯೆಗೆ ಗಂಟೆ ಹೊಡೆಯುವುದು ಸಾಧ್ಯವಿಲ್ಲ. ಅಂದರೆ ಎಣಿಕೆ ತಪ್ಪು.

ಸೊಸೆಯ ಮುಖ ಕೆಂಪಾಯಿತು. "ಎರಡು ಸಲ ಎಣಿಸಿದ್ದೀನಿ ಅತ್ತೆ. ನೀವೇ ಎದುರಿಗೆ ಕೂತಿದ್ರಿ. ಎರಡು ಸಲವೂ ಒಂದೇ ಬಂತು. ನನ್ನ ಕೈಯ ಮೇಲೆ ಅನುಮಾನಾನಾ?"

"ನಿನ್ನ ಕೈಯ ಮೇಲೆ ಅನುಮಾನ ಇಲ್ಲಮ್ಮ. ಈ ಸಂಖ್ಯೆಯ ಮೇಲೂ ಇಲ್ಲ. ಇಬ್ಬರೂ ಸುಳ್ಳು ಹೇಳುವವರಲ್ಲ. ಅದೇ ನನಗೆ ಬಗೆಹರೀತಿಲ್ಲ."

"ಹಾಗಾದ್ರೆ ಆ ಚಕ್ರವನ್ನ ಮತ್ತೆ ಬಾಗಿಲಿಗೆ ಇಟ್ಟುಬಿಡಿ," ಎಂದು ಸೊಸೆ ಯಂತ್ರದ ಕಡೆ ಹೊರಟುಹೋದಳು.

ಶನಿವಾರ ಬೆಳಿಗ್ಗೆ ಇಂಜಿನಿಯರು ಬಂದ. ಹಲ್ಲಜ್ಜಿ ಪುಸ್ತಕ ತೆರೆದು ತೋರಿಸಿದಳು. ಅವನು ಜೇಬಿನಿಂದ ಕ್ಯಾಲ್ಕುಲೇಟರು ತೆಗೆದು ಹತ್ತಾರು ಸಾಲು ಪರೀಕ್ಷಿಸಿದ. ಒಂದೂ ತಪ್ಪಿರಲಿಲ್ಲ.

"ಅವಿಭಾಜ್ಯ ಸಂಖ್ಯೆ ಅಜ್ಜೀ ಇದು!"

"ನೀವು ಹಾಗಂತೀರಾ? ಇರಲಿ, ದೊಡ್ಡವರಿಗೆ ದೊಡ್ಡ ಹೆಸರು ಇರಬೇಕಾದ್ದೇ. ಇದಕ್ಕೆ ಚಕ್ರ ಮಾಡೋದಾದ್ರೆ 1,04,729 ಹಲ್ಲಿನ ಒಂದೇ ಚಕ್ರ ಮಾಡಬೇಕು. ಹಲ್ಲಿಗೆ ಆರು ಮಿಲಿಮೀಟರ್ ಅಂತ ಹಿಡಿದರೂ ಸುತ್ತಳತೆ ಆರುನೂರು ಮೀಟರ್ ದಾಟುತ್ತೆ. ನಿನ್ನ ಪಂಪ್‌ಹೌಸು ಅದರೊಳಗೇ ಕೂರಬೇಕಾಗುತ್ತೆ."

ಇಂಜಿನಿಯರು ನಗಲಿಲ್ಲ. ಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸುತ್ತ ಒಮ್ಮೆಲೇ ಹುಬ್ಬೇರಿಸಿದ. "ನೋಡಿ, ಹದಿಮೂರಕ್ಕೆ ಮಿಕ್ಕಿದ್ದು ಒಂದು. ಹತ್ತೊಂಬತ್ತಕ್ಕೂ ಒಂದು. ಐವತ್ಮೂರಕ್ಕೂ ಒಂದು. ಆ ಒಂದನ್ನ ಬಿಟ್ಟುಬಿಟ್ಟರೆ 1,04,728, ಚೂರಾಗುತ್ತೆ! ಐವತ್ತೆರಡು, ಮೂವತ್ತೆಂಟು, ಐವತ್ಮೂರು. ಗುಣಿಸಿ ನೋಡಿ, ಸರಿಯಾಗಿ ಬರುತ್ತೆ. ಗಂಟೆ ಹೊಡೆಯೋವಾಗ ಒಂದು ಸುತ್ತು ಜಾಸ್ತಿ ಆಗಿರುತ್ತೆ."

"ಎರಡು ಸಲವೂನಾ?" ಸೊಸೆ ಗುರ್ರೆಂದಳು.

"ಅಕ್ಕ, ಒಂದೇ ಒಂದು! ಲಕ್ಷದಲ್ಲಿ ಒಂದು!"

"ನಾನೂ ಅದನ್ನ ನೋಡಿದೆ," ಎಂದಳು ಹಲ್ಲಜ್ಜಿ. "1,04,728 ಒಡೀತದೆ. ಇನ್ನೂ ಮೂರು ಕಳೆದು 1,04,725 ನೋಡು, ಅದೂ ಒಡೀತದೆ: ಇಪ್ಪತ್ತೈದು, ಐವತ್ತೊಂಬತ್ತು, ಎಪ್ಪತ್ತೊಂದು. ಅಕ್ಕಪಕ್ಕದ ಸಂಸಾರಿಗಳಲ್ಲಿ ಯಾರನ್ನ ನಂಬಲಿ? ಹತ್ತಿರ ಇದ್ದಾನೆ ಅಂತ ಸಿಕ್ಕಿದವನಿಗೆ ಹೆಣ್ಣು ಕೊಡೋಕಾಗುತ್ತಾ?"

"ಪರೀಕ್ಷೆಗೆ ಹತ್ತು ದಿನ ಇದೆ ಅಜ್ಜೀ. ಇವತ್ತು ಕೊರೆಯೋಕೆ ಶುರು ಮಾಡದಿದ್ದರೆ ಮುಗಿಯಲ್ಲ. ನೀವು ಆಗಲ್ಲ ಅಂದ್ರೆ ನಾನು ಹೋಗಿ ಹಾಗಂತ ಬರೆದುಕೊಡಬೇಕು."

ಹಲ್ಲಜ್ಜಿ ಕಡ್ಡಿ ಮುರಿದಂತೆ ಹೇಳಿದಳು: "ಸಂಜೆವರೆಗೆ ಕಾಯಿ. ಗೊತ್ತಿಲ್ಲದ ಸಂಖ್ಯೆಗೆ ಈ ಶೆಡ್ಡಿನಲ್ಲಿ ಹಲ್ಲು ಬೀಳಲ್ಲ."

ಇಂಜಿನಿಯರು ಬಾಗಿಲ ಬಳಿ ಬೆಂಚಿನ ಮೇಲೆ ಕೂತ. ಅತ್ತೆಯ ಹಟ ಗೊತ್ತಿದ್ದ ಸೊಸೆ, ಕೊನೆಗೆ ಆ ಐವತ್ತೆರಡೇ ಗತಿಯಾದರೆ ಹೊತ್ತು ವ್ಯರ್ಥವಾಗದಿರಲಿ ಎಂದು ಒಂದು ಬಿಲ್ಲೆಯನ್ನು ಯಂತ್ರಕ್ಕೆ ಬಿಗಿದಳು. ಹಿಡಿಕೆ ಹಿಡಿದು ಹಿಂದಕ್ಕೆ ತಿರುಗಿಸಿದಳು. ಯಂತ್ರ ಒಂದೊಂದು ಸುತ್ತಿಗೂ ಕಟ್, ಕಟ್ ಎನ್ನುತ್ತಿತ್ತು. ಹಲ್ಲಜ್ಜಿ ಪುಸ್ತಕದಲ್ಲಿ ತಲೆ ಹುದುಗಿಸಿದ್ದರೂ ಕಿವಿ ತನ್ನ ಪಾಡಿಗೆ ಎಣಿಸುತ್ತಿತ್ತು. ಏಳು, ಎಂಟು, ಒಂಬತ್ತು. ನಿಂತಿತು. ಆಮೇಲೆ ಕೌಂಟರನ್ನು ಸೊನ್ನೆಗೆ ತಂದ ಸಣ್ಣ ಸದ್ದು.

ಆಕೆಯ ಬೆರಳು ಪುಸ್ತಕದ ಮೇಲೆ ನಿಂತಲ್ಲೇ ನಿಂತಿತು. ಹನ್ನೊಂದಕ್ಕೆ ಮಿಕ್ಕಿದ್ದು ಒಂಬತ್ತು. ಹದಿನೇಳಕ್ಕೆ ಮಿಕ್ಕಿದ್ದು ಒಂಬತ್ತು.

"ಏ, ನಿಲ್ಲು!" ಎಂದು ಆಕೆ ಕೂಗಿದ ರಭಸಕ್ಕೆ ಇಂಜಿನಿಯರು ಬೆಂಚಿನಿಂದ ಎದ್ದೇಬಿಟ್ಟ. "ಈಗೇನು ಮಾಡಿದೆ?"

"ಏನು ಮಾಡಿದೆ ಅತ್ತೆ? ಒಂಬತ್ತು ಹಿಂದಕ್ಕೆ ತಂದು ಸೊನ್ನೆ ಮಾಡಿದೆ. ದಿನಾ ಮಾಡೋದೇ ತಾನೆ?"

"ಬುಧವಾರ? ಪೆಟ್ಟಿಗೆ ಗಂಟೆ ಹೊಡೀತಲ್ಲ, ಎಣಿಸೋಕೆ ಶುರು ಮಾಡೋ ಮುಂಚೆ?"

ಸೊಸೆ ಹಿಡಿಕೆ ಬಿಟ್ಟು ಇತ್ತ ತಿರುಗಿದಳು. "ಒಂಬತ್ತು ಹಿಂದಕ್ಕೆ ತಂದೆ," ಎಂದಳು. "ಆಮೇಲೆ ಸೊನ್ನೆ ಮಾಡಿದೆ. ಎರಡನೇ ಸಲವೂ. ಆ ಕೌಂಟರಿಗೆ ಕೆಂಪು ಚುಕ್ಕೆ ಇರಲಿಲ್ಲ, ಅದಕ್ಕೇ..."

"ಅದಕ್ಕೇ ಸೊನ್ನೆಯಿಂದಲೇ ಓದಿದೆ. ಹಿಂದೆ ಹೋದ ಒಂಬತ್ತೂ ಮತ್ತೆ ಮುಂದೆ ಬರುವಾಗ ಲೆಕ್ಕಕ್ಕೆ ಸೇರಿಬಿಟ್ಟಿತು. ಬಿದ್ದ ಸುತ್ತಿಗೆ ಮತ್ತೆ ಮೇಲೇಳೋಕೆ ಅರ್ಧ ದಾರಿಯಾದರೂ ಹೋಗಬೇಕು, ಅದಕ್ಕೇ ಒಂಬತ್ತರಲ್ಲಿ ಗಂಟೆ ಇನ್ನೊಮ್ಮೆ ಹೊಡೀಲಿಲ್ಲ." ಹಲ್ಲಜ್ಜಿ ಅಷ್ಟರಲ್ಲೇ ಪೆನ್ಸಿಲು ಹಿಡಿದಿದ್ದಳು. 1,04,729ರಲ್ಲಿ ಒಂಬತ್ತು ಕಳೆದರೆ 1,04,720. ಎರಡರಿಂದ ಒಡೆಯಿತು. ಮತ್ತೆ ಎರಡರಿಂದ, ಮತ್ತೆ, ಮತ್ತೆ. ಐದರಿಂದ ಒಡೆಯಿತು, ಏಳರಿಂದ ಒಡೆಯಿತು, ಹನ್ನೊಂದರಿಂದ ಒಡೆಯಿತು. ಉಳಿದದ್ದು ಹದಿನೇಳು. ಒಣಗಿದ ಮಣ್ಣಿನ ಹೆಂಟೆ ಕೈಯಲ್ಲಿ ಪುಡಿಯಾದಂತೆ ಪುಡಿಯಾಯಿತು.

"ದೊಡ್ಡ ಸಂಸಾರ ಕಣೇ ಇದು! ಪಕ್ಕದ ಮನೆಯ ಒಂಟೀನ ಹಿಡಿದುಕೊಂಡು ನಾವು ಎರಡು ದಿನ ಗುದ್ದಾಡಿದ್ದು. ಬರಕೋ: ನಲವತ್ನಾಲ್ಕು, ಮೂವತ್ತೈದು, ಅರವತ್ತೆಂಟು. ಗುಣಿಸು."

ಇಂಜಿನಿಯರು ಗುಂಡಿ ಒತ್ತಿದ. "1,04,720," ಎಂದ. ಆಮೇಲೆ ತಲೆ ಕೆರೆದುಕೊಂಡ. "ಆದ್ರೆ ಅಜ್ಜೀ, ಮತ್ತೆ ಎಣಿಸಿ ನೋಡೋಕೆ ಪೆಟ್ಟಿಗೆ ಸಿಗಲ್ಲ. ಬರೀ ಭಾಗಾಕಾರ ನಂಬಿಕೊಂಡು ಕೊರೀತೀರಾ?"

"ಭಾಗಾಕಾರ ನಂಬಿಕೊಂಡಲ್ಲ. ಇವಳನ್ನ ನಂಬಿಕೊಂಡು," ಎಂದು ಹಲ್ಲಜ್ಜಿ ಸೊಸೆಯ ಕಡೆ ತೋರಿಸಿದಳು. "ನೋಡಪ್ಪ, ಒಂದು ಲಕ್ಷಕ್ಕೂ ಮೇಲೆ ಎಣಿಸಿದಾಳೆ, ಎರಡು ಸಲ. ಅದರಲ್ಲಿ ಎಲ್ಲೋ ಒಂದು ಜಾರಿದ್ದರೂ ಇವತ್ತು ಒಂಬತ್ತು ಕಳೆದಾಗ ಹೀಗೆ ಪುಡಿಯಾಗ್ತಿರಲಿಲ್ಲ. ಇವಳ ಎಣಿಕೆ ಬಂಗಾರ. ತಪ್ಪಿದ್ದು ಆ ಒಂಬತ್ತು, ಅದು ನನ್ನದು. ಮೂವತ್ತು ವರ್ಷದ ಹಿಂದೆ ಈ ಮುದುಕಿ ಯಂತ್ರಕ್ಕೆ ಅಂತ ಮಾಡಿದ ಕಟ್ಟಳೇನ ಎಲ್ಲ ಯಂತ್ರಕ್ಕೂ ಅನ್ನೋ ಹಾಗೆ ಇವಳ ಕೈಗೆ ಅಂಟಿಸಿದವಳು ನಾನು. ಎದುರಿಗೇ ಕೂತಿದ್ದೆ, ಹಿಂದಕ್ಕೆ ತಿರುಗಿಸಿದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮೀಟಿಂಗಿನಲ್ಲಿ ಕೇಳಿದರೆ ಹೀಗೇ ಹೇಳು. ಅಜ್ಜಿಯ ತಪ್ಪು, ಸೊಸೆಯ ಲೆಕ್ಕ ಅಂತ."

ಸೊಸೆ ಯಂತ್ರದ ಕಡೆ ತಿರುಗಿ ಐವತ್ತೆರಡರ ಬಿಲ್ಲೆಯನ್ನು ಬಿಚ್ಚತೊಡಗಿದಳು. ಬಿಚ್ಚುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವಳು ಬೆನ್ನು ಹಾಕಿಯೇ ನಿಂತಿದ್ದಳು.

ಎಂಟು ದಿನದಲ್ಲಿ ಮೂರು ಚಕ್ರ ಆದವು. ಮೂವತ್ತೈದನ್ನೂ ಅರವತ್ತೆಂಟನ್ನೂ ಸೊಸೆ ಕೊರೆದಳು, ನಲವತ್ನಾಲ್ಕನ್ನು ಅತ್ತೆ. ಹಳೆಯ ಪೆಟ್ಟಿಗೆಯವನು ಒಳಗೆ ಯಾವ ಮೂರು ಇಟ್ಟಿದ್ದನೋ ತಿಳಿಯುವ ಹಾಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗುಣಿಸಿದಾಗ ಒಂದೇ ಆದರೆ ಗಂಟೆಗೆ ಭೇದವಿಲ್ಲ.

ಪರೀಕ್ಷೆಯ ದಿನ ಪಂಪ್‌ಹೌಸಿನಲ್ಲಿ ಮೇಲಿನವರು ನಾಲ್ಕು ಮಂದಿ, ಕುರ್ಚಿ ಮೂರು. ಒಂದು ಕುರ್ಚಿಯನ್ನು ಇಂಜಿನಿಯರು ತಾನೇ ಎತ್ತಿ ಹಲ್ಲಜ್ಜಿಗೆ ಹಾಕಿದ. ಹಿಂದಿನ ದಿನ ಹಳೆಯ ಪೆಟ್ಟಿಗೆಯ ಗಂಟೆ ಹೊಡೆದ ಸುತ್ತಿನಲ್ಲೇ ಹೊಸ ಪೆಟ್ಟಿಗೆಯನ್ನೂ ಪಂಪಿನ ಅದೇ ಅಚ್ಚಿಗೆ ಬಿಗಿದು, ಕೌಂಟರನ್ನು ಸೊನ್ನೆ ಮಾಡಿದ್ದರು. ಈ ಸಲ ಯಾರೂ ಏನನ್ನೂ ಹಿಂದಕ್ಕೆ ತಿರುಗಿಸಿರಲಿಲ್ಲ. ಸೊಸೆಯ ಕೈ ಅಭ್ಯಾಸಬಲದಿಂದ ಹಿಂದಕ್ಕೆ ಹೊರಟಾಗ ಅತ್ತೆ ಪಟ್ಟೆಂದು ಅದರ ಮೇಲೊಂದು ಕೊಟ್ಟಿದ್ದಳು.

ಎರಡೂ ಮುಳ್ಳುಗಳು ನೆತ್ತಿಗೆ ಬರುವ ಹೊತ್ತಿಗೆ ಪಂಪು ನಿಲ್ಲಿಸಿದರು. ಕೊನೆಯ ಸುತ್ತುಗಳು ಕೈಯಲ್ಲಿ. ಸೊಸೆ ಪಂಪಿನ ದೊಡ್ಡ ಚಕ್ರವನ್ನು ಹಿಡಿದು ಒಂದೊಂದೇ ಸುತ್ತು ತಿರುಗಿಸುತ್ತ ಕೌಂಟರನ್ನು ಗಟ್ಟಿಯಾಗಿ ಓದುತ್ತಿದ್ದಳು. "ಏಳುನೂರ ಹದಿನೇಳು. ಹದಿನೆಂಟು. ಹತ್ತೊಂಬತ್ತು." ಮೇಲಿನವರಲ್ಲೊಬ್ಬರು ಕೆಮ್ಮುವುದಕ್ಕೆ ಬಾಯಿ ತೆರೆದವರು ಹಾಗೇ ತಡೆದುಕೊಂಡರು. "ಇಪ್ಪತ್ತು."

ಗಂಟೆ ಹೊಡೆಯಿತು. ಯಾವುದು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಸದ್ದು ಕೇಳಿತ್ತು, ಆದರೆ ಎರಡು ಸುತ್ತಿಗೆಗಳೂ ಇನ್ನೂ ನಡುಗುತ್ತಿದ್ದವು. ಒಂದು ತೊಟ್ಟಿಯ ಬಾಗಿಲು ಮುಚ್ಚಿತು, ಇನ್ನೊಂದರದು ತೆರೆಯಿತು.

ಮರುದಿನವೂ ಹಾಗೇ. ಮೂರನೆಯ ದಿನ ನೋಡಲು ಬಂದದ್ದು ಮೇಲಿನವರಲ್ಲಿ ಒಬ್ಬರೇ. ಹೋಗುವಾಗ ಅವರು ನಿಂತು, "ಅಮ್ಮಾ, ತಾವು ಗಣಿತ ಎಲ್ಲಿ ಓದಿದ್ದು?" ಎಂದು ಕೇಳಿದರು.

"ಇಲಿಯ ಹತ್ತಿರ," ಎಂದಳು ಹಲ್ಲಜ್ಜಿ. ಅವರು ಅದನ್ನು ಯಾವುದೋ ಊರೆಂದು ತಿಳಿದು ತಲೆಯಾಡಿಸಿ ಹೋದರು.

ಇಂಜಿನಿಯರು ಆ ಅರವತ್ತಾರು ಭಾಗಾಕಾರದ ಪುಸ್ತಕ ಕೇಳಿದ, ಕಡತದಲ್ಲಿ ಇಡುತ್ತೇನೆ ಎಂದ. ಆಕೆ ಕೊಡಲಿಲ್ಲ. "ನಿನಗೆ ಬೇಕಾದ್ದು 1,04,720 ತಾನೆ? ಅದು ಪೆಟ್ಟಿಗೆಯಲ್ಲಿದೆ, ಇಟ್ಟುಕೋ. ಆ ಒಂಟಿ ನನ್ನದು. ಅರವತ್ತಾರು ಸಲ ಬಾಗಿಲು ತಟ್ಟಿ ಪರಿಚಯ ಮಾಡಿಕೊಂಡಿದ್ದೀನಿ."

ಹೊರಡುವ ಮುಂಚೆ ಆಕೆ ಚೀಲದಿಂದ ಉಕ್ಕಿನ ಅಂಕಿಯ ಮೊಳೆಗಳನ್ನೂ ಸುತ್ತಿಗೆಯನ್ನೂ ತೆಗೆದು, ಹೊಸ ಪೆಟ್ಟಿಗೆಯ ಮುಚ್ಚಳದ ಮೇಲೆ ಎಲ್ಲರಿಗೂ ಕಾಣುವಂತೆ ಒಂದೊಂದಾಗಿ ಹೊಡೆದಳು: 44, 35, 68. ಮುಂದೆ ಯಾವತ್ತಾದರೂ ಇದು ತುಕ್ಕು ಹಿಡಿದರೆ ಬರುವವರು ತಮ್ಮ ಹಾಗೆ ಹೊರಗೆ ನಿಂತು ಪರದಾಡಬಾರದು ಎಂದು. ಕೊರೆದವರು ತಮ್ಮ ಮುದ್ರೆ ಒತ್ತುವುದು ಶೆಡ್ಡಿನ ಪದ್ಧತಿ. ನಲವತ್ನಾಲ್ಕರ ಪಕ್ಕದಲ್ಲಿ ತನ್ನ ಪುಟ್ಟ ಚಕ್ರದ ಮುದ್ರೆ ಒತ್ತಿದಳು. ಆಮೇಲೆ ಸುತ್ತಿಗೆಯನ್ನು ಸೊಸೆಯ ಕೈಗೆ ಕೊಟ್ಟಳು.

"ಮಿಕ್ಕ ಎರಡು ನಿಂದು. ಒತ್ತು."

"ನನಗೆ ಮುದ್ರೆ ಎಲ್ಲಿದೆ ಅತ್ತೆ?"

ಹಲ್ಲಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಹೊಸ ಮೊಳೆ ತೆಗೆದಳು. ತುದಿಯಲ್ಲಿ ಪುಟ್ಟ ಚಕ್ರ, ಅದರ ನಡುವೆ ಒಂದು ಚುಕ್ಕೆ. "ಬಾಗಿಲ ಹತ್ತಿರ ಒಂದು ಕೆಟ್ಟ ಚಕ್ರ ಇತ್ತಲ್ಲ," ಎಂದಳು. "ಅದರ ಉಕ್ಕು ಚೆನ್ನಾಗಿತ್ತು."